ಕಾಮಿಡಿ ಸೈ-ಫೈ ಸಿನಿಮಾ ಮಕ್ಕಳಿಗೆ ತೋರಿಸಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ ಹತ್ತು ವರ್ಷದ ಮಗ, ಆರು ವರ್ಷದ ಮಗಳು. ಕ್ಲಾಸಿನಲ್ಲಿ ಯಾರೋ ಹೇಳಿದರೆಂದು ಮಗ ‘ಬ್ಯಾಕ್ ಟು ದ ಫ್ಯೂಚರ್’ ನೋಡಲೇಬೇಕೆಂದು ಹಟ ಹಿಡಿದಿದ್ದಾನೆ. ಪಿಜಿ ಎಂದು ಬರೆದಿದೆ, ಹಳೇ ಸಿನಿಮಾ, ಕಾಮಿಡಿ ಬೇರೆ. ಇಬ್ಬರನ್ನೂ ಕೂರಿಸಬಹುದೇ? ಇಂಥ ಸಿನಿಮಾಗಳನ್ನು ಮುಂಚೆಯೇ ಪರೀಕ್ಷಿಸುವುದು ಹೇಗೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಗನಿಗೆ ತೋರಿಸಿ, ನೀವೂ ಪಕ್ಕದಲ್ಲಿ ಕೂತು ನೋಡಿ. ಮಗಳಿಗೆ ಈಗ ಬೇಡ, ಎರಡು ಮೂರು ವರ್ಷ ತಡೆಯಿರಿ.

ಪಿಜಿ ಎಂದರೆ ಮಕ್ಕಳ ಸಿನಿಮಾ ಎಂಬ ಮುದ್ರೆಯಲ್ಲ. ಅಮೆರಿಕದಲ್ಲಿ ಎಲ್ಲ ವಯಸ್ಸಿನವರಿಗೂ ಸರಿ ಎನಿಸಿದ ಚಿತ್ರಕ್ಕೆ ಜಿ ಕೊಡುತ್ತಾರೆ. ಕೆಲವು ಭಾಗ ಮಕ್ಕಳಿಗೆ ಹೊಂದದಿರಬಹುದು, ಅಪ್ಪ ಅಮ್ಮ ಮೊದಲು ವಿಚಾರಿಸಿಕೊಳ್ಳಲಿ ಎಂಬ ಎಚ್ಚರಿಕೆಗೆ ಪಿಜಿ. ಜೊತೆಗೆ ಚಿತ್ರದ ಇಸವಿಯನ್ನೂ ನೋಡಬೇಕು. ಪಿಜಿ-13, ಅಂದರೆ ಹದಿಮೂರರೊಳಗಿನವರಿಗೆ ಕೆಲವು ಭಾಗ ಹೊಂದದಿರಬಹುದು ಎಂಬ ಇನ್ನೂ ಗಟ್ಟಿ ಎಚ್ಚರಿಕೆ, ಬಂದದ್ದು 1984ರ ಜುಲೈನಲ್ಲಿ. ಆ ವರ್ಷ ‘ಗ್ರೆಮ್ಲಿನ್ಸ್’ ಮತ್ತು ‘ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್’ ಎರಡಕ್ಕೂ ಪಿಜಿ ಸಿಕ್ಕಿ, ಮಕ್ಕಳನ್ನು ಕರೆದೊಯ್ದ ಪೋಷಕರು ಸಿಟ್ಟಾದ ಮೇಲೆ ಬಂದ ಬದಲಾವಣೆ ಅದು. ‘ಗ್ರೆಮ್ಲಿನ್ಸ್’ ಕೂಡ ನಗಿಸುವ ಚಿತ್ರವೇ. ಆದರೆ ಅದರ ಅಡುಗೆಮನೆ ದೃಶ್ಯದಲ್ಲಿ ಒಂದು ಜೀವಿ ಮೈಕ್ರೋವೇವ್ ಒಳಗೆ ಸಿಡಿದು ಸಾಯುತ್ತದೆ. ಹಾಗಾಗಿ 1984ರ ಮಧ್ಯಕ್ಕಿಂತ ಹಿಂದಿನ ಪಿಜಿಯನ್ನು ಇವತ್ತಿನ ಪಿಜಿ ಎಂದು ಓದಬೇಡಿ.

‘ಬ್ಯಾಕ್ ಟು ದ ಫ್ಯೂಚರ್’ 1985ರದ್ದು, ಕಾಲಯಂತ್ರದಲ್ಲಿ ಹಿಂದಕ್ಕೆ, ಅಪ್ಪ ಅಮ್ಮ ಇನ್ನೂ ಒಂದಾಗದಿದ್ದ ದಿನಗಳಿಗೆ ಹೋಗಿಬಿಡುವ ಹುಡುಗನ ಕಥೆ. ಪಿಜಿ-13 ಬಂದ ಮೇಲೂ ಅದಕ್ಕೆ ಪಿಜಿಯೇ ಸಿಕ್ಕಿತು. ಆದರೂ ಅದರಲ್ಲಿ ಏನೇನಿದೆ ನೋಡಿ. ಸುಮಾರು ಅರ್ಧ ಗಂಟೆಯ ಹೊತ್ತಿಗೆ ಮಾಲ್‌ನ ಪಾರ್ಕಿಂಗ್ ಜಾಗಕ್ಕೆ ವ್ಯಾನಿನಲ್ಲಿ ಬಂದ ಬಂದೂಕುಧಾರಿಗಳು ವಿಜ್ಞಾನಿ ಡಾಕ್ ಬ್ರೌನ್‌ಗೆ ಗುಂಡು ಹೊಡೆಯುತ್ತಾರೆ, ಹುಡುಗ ಮಾರ್ಟಿಯ ಕಣ್ಣೆದುರೇ. ಡಾಕ್ ಬದುಕಿದ್ದಾನೆಂದು ಗೊತ್ತಾಗುವುದು ಚಿತ್ರದ ಕೊನೆಗೆ. ‘ಇದು ಕಥೆ, ಏನೋ ಉಪಾಯ ಇದ್ದೇ ಇರುತ್ತದೆ’ ಎಂದು ಹತ್ತು ವರ್ಷದ ಮಗು ಕಾಯುತ್ತದೆ. ಆರರ ಮಗು ಆ ಸಾವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಒಂದು ಗಂಟೆಗೂ ಹೆಚ್ಚು ಕೂರುತ್ತದೆ. ನಡುವೆ ಬರುವ ನಗೆ ಅದಕ್ಕೆ ತಲುಪುವುದೇ ಇಲ್ಲ.

ದೊಡ್ಡವರ ಗಮನಕ್ಕೆ ಬಾರದ ಇನ್ನೊಂದು ಭಾಗ ಫೋಟೋದ್ದು. ಮಾರ್ಟಿಯ ಜೇಬಿನಲ್ಲಿ ಅಣ್ಣ, ಅಕ್ಕ ಮತ್ತು ಅವನು ನಿಂತಿರುವ ಫೋಟೋ ಇದೆ. ಅಪ್ಪ ಅಮ್ಮ ಒಂದಾಗದಿದ್ದರೆ ಮಕ್ಕಳು ಹುಟ್ಟುವುದಿಲ್ಲವಲ್ಲ, ಅದಕ್ಕೆ ಮೊದಲು ಅಣ್ಣನ ತಲೆ ಮಾಯವಾಗುತ್ತದೆ, ಆಮೇಲೆ ಅಕ್ಕ. ಕೊನೆಗೆ ವೇದಿಕೆಯ ಮೇಲೆ ಗಿಟಾರ್ ಹಿಡಿದ ಮಾರ್ಟಿಯ ಕೈಯೇ ಪಾರದರ್ಶಕವಾಗುತ್ತದೆ. ರಕ್ತವಿಲ್ಲ, ಚೀರಾಟವಿಲ್ಲ. ಆದರೂ ‘ನಾನು ಇಲ್ಲದೇ ಹೋಗಬಹುದಾ?’ ಎಂಬ ಪ್ರಶ್ನೆ ಚಿಕ್ಕ ಮಗುವಿಗೆ ಬಂದೂಕಿಗಿಂತ ದೊಡ್ಡದು. ಯಾವ ಸರ್ಟಿಫಿಕೇಟಿನಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಹತ್ತರ ಮಗನ ಜೊತೆ ಮಾತಾಡಬೇಕಾದ ವಿಷಯಗಳೇ ಬೇರೆ. 1955ಕ್ಕೆ ಹೋದ ಹುಡುಗನ ಮೇಲೆ, ಅವನು ಯಾರೆಂದು ಗೊತ್ತಿಲ್ಲದ ಅವನ ತಾಯಿಗೇ ಮನಸ್ಸಾಗುತ್ತದೆ. ಮುಂದೆ ಅವನ ಅಪ್ಪನಾಗುವವನು ಮರ ಹತ್ತಿ ಬೈನಾಕ್ಯುಲರ್‌ನಲ್ಲಿ ಆ ಹುಡುಗಿಯ, ಅಂದರೆ ಮಾರ್ಟಿಯ ತಾಯಿಯ, ಕೋಣೆ ಇಣುಕುವುದನ್ನು ಚಿತ್ರ ತಮಾಷೆಯಾಗಿಯೇ ದಾಟಿಸಿಬಿಡುತ್ತದೆ. ಡಾನ್ಸ್ ರಾತ್ರಿ ಕಾರಿನೊಳಗೆ ಬಿಫ್ ಎಂಬವನು ಆ ಹುಡುಗಿಯ ಮೇಲೆ ಬಲವಂತ ಮಾಡುತ್ತಾನೆ. ಅಲ್ಲಿ ಸಿನಿಮಾ ನಿಲ್ಲಿಸಿ ಉಪನ್ಯಾಸ ಕೊಡಬೇಡಿ. ಸಿನಿಮಾ ಮುಗಿದ ಮೇಲೆ ‘ಅವನು ಮಾಡಿದ್ದು ತಪ್ಪು, ಇಣುಕಿದ್ದೂ ತಪ್ಪೇ’ ಎಂದು ಎರಡು ಮಾತಲ್ಲಿ ಹೇಳಿದರೆ ಸಾಕು. ಇಂಗ್ಲಿಷ್ ಬೈಗುಳಗಳೂ ಅಲ್ಲಲ್ಲಿವೆ.

ಇನ್ನು ಪರೀಕ್ಷಿಸುವ ವಿಧಾನ. ಟ್ರೇಲರ್ ನಂಬಬೇಡಿ, ಅದರಲ್ಲಿ ಜೋಕುಗಳನ್ನೇ ಆರಿಸಿ ಕೂರಿಸಿರುತ್ತಾರೆ. ಚಿತ್ರಗಳಿಗೆ ವಯಸ್ಸಿನ ವರ್ಗ ಕೊಡುವ ಬ್ರಿಟನ್ನಿನ ಸಂಸ್ಥೆ ಬಿಬಿಎಫ್‌ಸಿಯ ವೆಬ್‌ಸೈಟಿನಲ್ಲಿ ಚಿತ್ರದ ಹೆಸರು ಹಾಕಿದರೆ ಆ ವರ್ಗ ಯಾಕೆ ಕೊಟ್ಟರೆಂದು ಅವರೇ ಚುಟುಕಾಗಿ ಬರೆದಿರುತ್ತಾರೆ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯ ‘ಪೇರೆಂಟ್ಸ್ ಗೈಡ್’ನಲ್ಲಿ ಐದು ವಿಭಾಗಗಳಿವೆ. ಎಲ್ಲರೂ ಮೊದಲ ಎರಡು, ಅಂದರೆ ಲೈಂಗಿಕತೆ ಮತ್ತು ಹಿಂಸೆ, ಓದಿ ಮುಚ್ಚಿಬಿಡುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಕೊನೆಯ ವಿಭಾಗದಿಂದ, ಭಯ ಹುಟ್ಟಿಸುವ ದೃಶ್ಯಗಳದ್ದರಿಂದ, ಶುರು ಮಾಡಿ. ಅದನ್ನು ಬರೆಯುವವರು ಸಾಮಾನ್ಯ ಪ್ರೇಕ್ಷಕರು, ಆದ್ದರಿಂದ ‘ತುಂಬಾ’, ‘ಸ್ವಲ್ಪ’ ಎಂಬ ಮಾತು ಬಿಟ್ಟು ಏನು ನಡೆಯಿತು ಎಂಬುದನ್ನಷ್ಟೇ ತೆಗೆದುಕೊಳ್ಳಿ. ಪ್ರಾಣಿ ಸಾಯುವುದನ್ನು ನೋಡಿ ತಡೆದುಕೊಳ್ಳಲಾಗದ ಮಗುವಾದರೆ ‘ಡಸ್ ದ ಡಾಗ್ ಡೈ’ ಎಂಬ ಜಾಲತಾಣ ಅದಕ್ಕೆಂದೇ ಇದೆ. ‘ಹನಿ, ಐ ಶ್ರಂಕ್ ದ ಕಿಡ್ಸ್’ (1989) ಪಿಜಿ, ನಿಜಕ್ಕೂ ಮುದ್ದಾದ ಚಿತ್ರ. ಆದರೆ ಇರುವೆಗಿಂತ ಚಿಕ್ಕವರಾದ ಮಕ್ಕಳ ಜೊತೆಗಾರನಾಗುವ ಇರುವೆ ಚೇಳಿನ ಜೊತೆ ಕಾದಾಡಿ ಸಾಯುತ್ತದೆ. ಅಷ್ಟು ಮೊದಲೇ ಗೊತ್ತಿದ್ದರೆ ನಿಮ್ಮ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತೋರಿಸಬಹುದು.

ಓದಿದ ಮೇಲೆ ಚಿತ್ರದ ಮೊದಲ ಹದಿನೈದು ನಿಮಿಷ, ಮತ್ತೆ ಮುಕ್ಕಾಲು ಭಾಗ ಕಳೆದ ಮೇಲಿನ ಹತ್ತು ನಿಮಿಷ ನೀವೊಬ್ಬರೇ ನೋಡಿ. ಕಾಮಿಡಿಗಳು ಗಂಭೀರವಾಗುವುದು ಹೆಚ್ಚಾಗಿ ಅಲ್ಲೇ. ನೋಡುವಾಗ ಗಮನಿಸಬೇಕಾದ್ದು: ಏಟು ಬಿದ್ದವನು ಮುಂದಿನ ದೃಶ್ಯದಲ್ಲಿ ಎದ್ದು ಓಡಾಡುತ್ತಾನಾ? ಮಗು ಅಪ್ಪ ಅಮ್ಮನಿಂದ ಬೇರೆಯಾದರೆ ಎಷ್ಟು ಹೊತ್ತು ಒಂಟಿಯಾಗಿರುತ್ತದೆ? ಮನುಷ್ಯನ ಮುಖ ಅಥವಾ ಮೈ ಬೇರೇನೋ ಆಗಿ ಬದಲಾಗುತ್ತದಾ? ಜೋಕು ಯಾರನ್ನು ಗುರಿಯಾಗಿಸಿಕೊಂಡಿದೆ, ದಪ್ಪಗಿರುವವರನ್ನೋ, ತೊದಲುವವರನ್ನೋ? ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಭಯ ಒಂದು ವಾರಕ್ಕೆ ಇಳಿಯಬಹುದು. ಸಹಪಾಠಿಗೆ ಅಂಟಿಸಿದ ಅಡ್ಡಹೆಸರು ವರ್ಷವಿಡೀ ಉಳಿಯುತ್ತದೆ.

ಪ್ರಶ್ನೆ: ಥಿಯೇಟರಿನಲ್ಲಿ ಈಗ ಯುಎ 7+, ಯುಎ 13+ ಎಂದೆಲ್ಲ ಬರುತ್ತಿದೆ. ಹನ್ನೊಂದರ ಮಗನನ್ನು ಯುಎ 13+ ಚಿತ್ರಕ್ಕೆ ಕರೆದೊಯ್ದರೆ ಗೇಟಿನಲ್ಲಿ ತಡೆಯುತ್ತಾರಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಕಾನೂನಿನ ಪ್ರಕಾರ ತಡೆಯುವಂತಿಲ್ಲ. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲದಿರುವುದು ಎ ಚಿತ್ರಗಳಿಗೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದ ಹಳೆಯ ಯುಎ ಮೂರಾಯಿತು: 7+, 13+, 16+. ಈ ವಯಸ್ಸಿನ ಗುರುತನ್ನು ಜಾರಿ ಮಾಡುವ ಅಧಿಕಾರ ಪೋಷಕರಿಗೆ ಬಿಟ್ಟು ಬೇರೆಯವರಿಗಿಲ್ಲ ಎಂದೂ ಅದರಲ್ಲೇ ಹೇಳಿದೆ. ಅಂದರೆ ನಿರ್ಧಾರ ನಿಮ್ಮದೇ.

ಹಳೆಯ ಹಿಂದಿ, ಕನ್ನಡ ಚಿತ್ರಗಳ ಬರೀ ‘ಯುಎ’ ನಿಮಗೆ ಹೆಚ್ಚೇನೂ ಹೇಳುವುದಿಲ್ಲ. 2014ರ ‘ಪಿಕೆ’ಯನ್ನೇ ತೆಗೆದುಕೊಳ್ಳಿ. ಬೇರೆ ಗ್ರಹದವನೊಬ್ಬ ರಾಜಸ್ಥಾನದಲ್ಲಿ ಇಳಿದು ಊರೆಲ್ಲ ಪೇಚಾಡುವ ಕಥೆ, ಯುಎ. ಅನ್ಯಗ್ರಹದವನು ಎಂದ ಕೂಡಲೇ ಚಿಕ್ಕ ಮಕ್ಕಳೂ ಓಡಿ ಬಂದು ಕೂರುತ್ತಾರೆ. ಮೊದಲಿಗೇ ಅವನು ಬಟ್ಟೆಯಿಲ್ಲದೆ, ಟ್ರಾನ್ಸಿಸ್ಟರ್ ಒಂದನ್ನೇ ಅಡ್ಡ ಹಿಡಿದು ನಿಲ್ಲುತ್ತಾನೆ. ಇದಕ್ಕೆ ಮಕ್ಕಳು ನಕ್ಕು ಮುಂದೆ ಹೋಗುತ್ತಾರೆ. ಅಲುಗಾಡುವ ಕಾರುಗಳಿಂದ ಬಟ್ಟೆ, ದುಡ್ಡು ಎತ್ತಿಕೊಳ್ಳುವ ದೃಶ್ಯ, ಕಾಂಡೋಮ್ ಪ್ಯಾಕೆಟ್ ‘ಯಾರದ್ದು?’ ಎಂದು ಕೇಳುತ್ತಾ ಹೋಗುವ ದೃಶ್ಯಗಳಿಗೆ ಮನೆಯಲ್ಲಿ ಉತ್ತರ ಸಿದ್ಧವಿರಲಿ. ಆದರೆ ನಮ್ಮ ಪ್ರಕಾರ ಚಿಕ್ಕವರಿಗೆ ಭಾರವಾಗುವುದು ಇವ್ಯಾವುವೂ ಅಲ್ಲ, ರೈಲು ನಿಲ್ದಾಣದ ಬಾಂಬ್ ಸ್ಫೋಟ. ಅಷ್ಟು ಹೊತ್ತೂ ನಗಿಸಿದ ಸ್ನೇಹಿತ ಅಲ್ಲಿ ಸಾಯುತ್ತಾನೆ, ಮತ್ತೆ ಎದ್ದು ಬರುವುದಿಲ್ಲ. ಹನ್ನೊಂದು ಹನ್ನೆರಡರ ಮಕ್ಕಳು ದೇವರು, ದುಡ್ಡು, ಮೋಸದ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಆ ವಯಸ್ಸಿಗೆ ಧಾರಾಳವಾಗಿ ತೋರಿಸಿ.

ಪ್ರಶ್ನೆ: ಐದು ವರ್ಷದ ಮೊಮ್ಮಗ ಟಿವಿಯಲ್ಲಿ ‘ಮೆನ್ ಇನ್ ಬ್ಲ್ಯಾಕ್’ನ ಸ್ವಲ್ಪ ಭಾಗ ನೋಡಿ ರಾತ್ರಿ ಮಲಗುತ್ತಿಲ್ಲ. ‘ಅದೆಲ್ಲ ಸುಳ್ಳು ಕಣೋ’ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಇಡೀ ಮನೆ ನಗುತ್ತಿದ್ದ ಸಿನಿಮಾಕ್ಕೆ ಹೀಗೇಕೆ?
– ಒಬ್ಬ ಅಜ್ಜಿ, ಶಿವಮೊಗ್ಗ

ಉತ್ತರ: ಅಜ್ಜಿ, ಆ ಚಿತ್ರದಲ್ಲಿ (1997, ಅಮೆರಿಕದಲ್ಲಿ ಪಿಜಿ-13) ಜಿರಳೆಯಂಥ ದೈತ್ಯ ಹುಳು ರೈತನೊಬ್ಬನನ್ನು ಕೊಂದು ಅವನ ಚರ್ಮವನ್ನೇ ತೊಟ್ಟುಕೊಂಡು ತಿರುಗುತ್ತದೆ. ಸತ್ತವನೊಬ್ಬನ ಮುಖ ಬಾಗಿಲಿನಂತೆ ತೆರೆದು ಒಳಗೆ ಪುಟ್ಟ ಜೀವಿ ಕೂತಿರುವುದೂ ಇದೆ. ಮುಖ ಬದಲಾಗುವುದು ಈ ವಯಸ್ಸಿನವರಿಗೆ ಅತ್ಯಂತ ಭಯದ ಸಂಗತಿ. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಮತ್ತು ಸಹೋದ್ಯೋಗಿಗಳು ‘ಹಲ್ಕ್’ ಟಿವಿ ಸರಣಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದರು. ಹಲ್ಕ್ ಒಳ್ಳೆಯವನು, ಜನರನ್ನು ಕಾಪಾಡುವವನು. ಆದರೂ ಶಾಲೆಗೆ ಸೇರದ ಪುಟ್ಟ ಮಕ್ಕಳು ಹೆಚ್ಚು ಹೆದರಿದ್ದು ಸಾಧಾರಣ ಮನುಷ್ಯ ಹಸಿರು ದೈತ್ಯನಾಗಿ ಬದಲಾಗುವಾಗ. ದೊಡ್ಡ ಮಕ್ಕಳಿಗೆ ಅವನು ಯಾಕೆ ಬದಲಾಗುತ್ತಾನೆಂದು ತಿಳಿಯುತ್ತದೆ. ಚಿಕ್ಕವರಿಗೆ ಕಣ್ಣಿಗೆ ಕಂಡದ್ದೇ ಎಲ್ಲ.

‘ಸುಳ್ಳು’ ಎಂಬ ಮಾತು ಏಳೆಂಟು ವರ್ಷದ ಮೇಲೆ ಕೆಲಸ ಮಾಡುತ್ತದೆ. ಐದರ ಮಗುವಿಗೆ ಮಾತಿಗಿಂತ ಮೈಸ್ಪರ್ಶ ಬೇಕು. ಪಕ್ಕದಲ್ಲಿ ಮಲಗಿಸಿಕೊಳ್ಳಿ, ಕುಡಿಯಲು ಬೆಚ್ಚಗೆ ಏನಾದರೂ ಕೊಡಿ, ಸಣ್ಣ ದೀಪ ಉರಿಯಲಿ. ಹಗಲು ಹೊತ್ತಿನಲ್ಲಿ ಮೇಕಪ್ ಹೇಗೆ ಮಾಡುತ್ತಾರೆಂಬ ವಿಡಿಯೋ ತೋರಿಸಿ, ಅವನ ಕೆನ್ನೆಗೇ ಹಸಿರು ಬಣ್ಣ ಹಚ್ಚಿ ಕನ್ನಡಿ ಮುಂದೆ ನಿಲ್ಲಿಸಿ, ಅವನ ಕೈಯಿಂದಲೇ ತೊಳೆಸಿ. ಭಯ ಬಿಡಲೆಂದು ಅದೇ ದೃಶ್ಯವನ್ನು ಮತ್ತೆ ಪೂರ್ತಿ ತೋರಿಸುವುದು ಬೇಡ. ಸುತ್ತಲಿನವರೆಲ್ಲ ನಗುತ್ತಿದ್ದದ್ದು ಮಗುವಿಗೆ ಧೈರ್ಯ ಕೊಡುವುದಿಲ್ಲ. ‘ನನಗೊಬ್ಬನಿಗೇ ಹೆದರಿಕೆ’ ಎಂದು ಅದು ಇನ್ನಷ್ಟು ಒಂಟಿಯಾಗುತ್ತದೆ. ಎರಡು ಮೂರು ವಾರವಾದರೂ ನಿದ್ದೆ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒಟಿಟಿಯಲ್ಲಿ ಮಕ್ಕಳ ಪ್ರೊಫೈಲ್ ಮಾಡಿಟ್ಟಿದ್ದೇವೆ. ಅಷ್ಟು ಸಾಕಲ್ಲವೇ? ಕನ್ನಡ ಡಬ್ಬಿಂಗ್ ಇದ್ದರೆ ಅದನ್ನೇ ಹಾಕುವುದು ಒಳ್ಳೆಯದೇ?
– ಮೈಸೂರಿನಿಂದ ಓದುಗರು

ಉತ್ತರ: ಸಾಕಾಗುವುದಿಲ್ಲ, ಯಾಕೆಂದರೆ ಮಗು ಒಂದು ಬಟನ್ ಒತ್ತಿ ನಿಮ್ಮ ಪ್ರೊಫೈಲಿಗೆ ಬರುತ್ತದೆ. 2021ರ ಐಟಿ ನಿಯಮಗಳ ಪ್ರಕಾರ ಯು/ಎ 13+ ಮತ್ತು ಮೇಲಿನ ಚಿತ್ರಗಳಿಗೆ ಒಟಿಟಿಗಳು ಪೇರೆಂಟಲ್ ಲಾಕ್ ಕೊಡಲೇಬೇಕು, ಆದರೆ ಅದನ್ನು ಹಾಕಬೇಕಾದವರು ನೀವು. ನೆಟ್‌ಫ್ಲಿಕ್ಸ್ ಆದರೆ ಬ್ರೌಸರಿನಲ್ಲಿ ಅಕೌಂಟ್ ತೆರೆದು, ದೊಡ್ಡವರ ಪ್ರತಿ ಪ್ರೊಫೈಲಿಗೂ ನಾಲ್ಕಂಕಿಯ ಪಿನ್ ಇಡಿ. ಮಗುವಿನ ಪ್ರೊಫೈಲಿನ ಪೇರೆಂಟಲ್ ಕಂಟ್ರೋಲ್ ಆಯ್ಕೆಗಳಲ್ಲಿ ವಯಸ್ಸಿನ ಮಿತಿ ಹಾಕಿ, ಬೇಡವಾದ ಚಿತ್ರದ ಹೆಸರು ಹಾಕಿ ಅದೊಂದನ್ನೇ ತಡೆಯುವ ಸೌಲಭ್ಯವೂ ಅಲ್ಲಿದೆ. ‘ಆಟೋಪ್ಲೇ’ಯ ಎರಡೂ ಆಯ್ಕೆಗಳನ್ನು, ಮುಂದಿನ ಕಂತು ತಾನಾಗಿ ಓಡುವುದು ಮತ್ತು ತುಣುಕು ತಾನಾಗಿ ಓಡುವುದು, ಆಫ್ ಮಾಡಿ. ಸಿನಿಮಾ ಮುಗಿದ ಕೂಡಲೇ ತಾನಾಗಿ ಓಡುವ ಮುಂದಿನ ತುಣುಕು ಯಾವುದೆಂದು ನೀವು ಆರಿಸಿರುವುದಿಲ್ಲ. ಚಿತ್ರ ಶುರುವಾಗುವಾಗ ಮೂಲೆಯಲ್ಲಿ ವಯಸ್ಸಿನ ಜೊತೆ ‘ಭಯ’, ‘ಭಾಷೆ’ ಎಂಬಂಥ ಪದಗಳು ಕೆಲವು ಕ್ಷಣ ಬಂದು ಹೋಗುತ್ತವೆ. ನಿಜವಾದ ಮಾಹಿತಿ ಅದೇ, ಓದಿಕೊಳ್ಳಿ.

ಡಬ್ಬಿಂಗ್ ಇದ್ದರೆ ಚಿಕ್ಕವರಿಗೆ ಖಂಡಿತ ಅದನ್ನೇ ಹಾಕಿ. ಸಬ್‌ಟೈಟಲ್ ಓದಲು ಬಾರದ ಮಗುವಿಗೆ ಜೋಕು ತಪ್ಪಿಹೋಗಿ, ಸ್ಫೋಟ ಮತ್ತು ಕಿರುಚಾಟ ಮಾತ್ರ ಉಳಿಯುತ್ತವೆ. ಕಾಮಿಡಿಯಾಗಿದ್ದದ್ದು ಅದರ ಪಾಲಿಗೆ ಹಾರರ್ ಆಗುತ್ತದೆ. ಆದರೆ ಡಬ್ಬಿಂಗ್‌ನಲ್ಲಿ ಮೂಲದಲ್ಲಿಲ್ಲದ ಬೈಗುಳ, ದ್ವಂದ್ವಾರ್ಥದ ಮಾತು ಸೇರಿರಬಹುದು. ಇಂಗ್ಲಿಷ್ ಆವೃತ್ತಿಯ ವರ್ಗ ಅದಕ್ಕೆ ಅನ್ವಯಿಸುವುದಿಲ್ಲ. ಹತ್ತು ನಿಮಿಷ ಕನ್ನಡದಲ್ಲೇ ಕೇಳಿ ನೋಡಿ.

ಪ್ರಶ್ನೆ: ಮಗಳಿಗೆ ಒಮ್ಮೆ ಫಿಟ್ಸ್ ಬಂದಿತ್ತು. ಅಂತರಿಕ್ಷ, ಲೇಸರ್ ಇರುವ ಸಿನಿಮಾಕ್ಕೆ ಕರೆದೊಯ್ಯಬಹುದೇ?
– ಮಂಗಳೂರಿನ ತಂದೆ

ಉತ್ತರ: ಮೊದಲು ನಿಮ್ಮ ನರರೋಗ ತಜ್ಞರನ್ನು ಕೇಳಿ, ಮಿನುಗುವ ಬೆಳಕಿನಿಂದ ಬರುವ ಬಗೆಯದೇ ಎಂದು. ಫಿಟ್ಸ್ ಇರುವ ಎಲ್ಲರಿಗೂ ಈ ತೊಂದರೆ ಇರುವುದಿಲ್ಲ. ಇರುವವರಿಗೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವ ಬೆಳಕು ಅಪಾಯ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಪೋಕೆಮಾನ್’ನ ಒಂದು ಕಂತಿನ ಕೆಂಪು ನೀಲಿ ಮಿನುಗಿನಿಂದ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. 2018ರ ‘ಇನ್‌ಕ್ರೆಡಿಬಲ್ಸ್ 2’ಕ್ಕೆ ಅಮೆರಿಕದ ಥಿಯೇಟರುಗಳಲ್ಲಿ ಎಚ್ಚರಿಕೆಯ ಫಲಕ ಹಾಕಿದ್ದರು. ತಜ್ಞರು ಒಪ್ಪಿದರೂ ಮೊದಲು ಮನೆಯಲ್ಲೇ ನೋಡಿ: ಕೋಣೆಯ ಲೈಟ್ ಉರಿಯುತ್ತಿರಲಿ, ಟಿವಿಯಿಂದ ದೂರ ಕೂರಿ, ಬ್ರೈಟ್‌ನೆಸ್ ಇಳಿಸಿ, ನಿದ್ದೆಗೆಟ್ಟ ದಿನ ಬೇಡ. ಮಿನುಗು ಶುರುವಾದರೆ ಕಣ್ಣು ಮುಚ್ಚಿಸಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಹಾಯುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ಆಚೆ ತಿರುಗಿಸುವುದನ್ನು ಮಗಳಿಗೆ ಈಗಲೇ ಅಭ್ಯಾಸ ಮಾಡಿಸಿ.