ಲಿಬರ್ಟೇರಿಯನ್ ಚಿಂತನೆ: ಮೊದಲು ಯಾವ ಪುಸ್ತಕ?

ಪ್ರಶ್ನೆ: ನಾನು ಬಿ.ಎ. ರಾಜ್ಯಶಾಸ್ತ್ರದ ವಿದ್ಯಾರ್ಥಿ. ಶಾಲೆ ಕಲಿತದ್ದು ಕನ್ನಡದಲ್ಲಿ, ಇಂಗ್ಲಿಷ್ ಓದು ನಿಧಾನ. ಮನೆಯಲ್ಲಿ ಅಡಿಕೆ ತೋಟವಿದೆ. ಜನರ ಬದುಕಿನಲ್ಲಿ ಸರಕಾರ ಆದಷ್ಟು ಕಡಿಮೆ ಕೈಹಾಕಬೇಕು ಎನ್ನುವ ಲಿಬರ್ಟೇರಿಯನ್ ವಾದವನ್ನು ತಿಳಿಯಬೇಕೆಂದಿದೆ. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೊಜಿಕ್ ಅವರ ‘ಅನಾರ್ಕಿ, ಸ್ಟೇಟ್ ಆ್ಯಂಡ್ ಯುಟೋಪಿಯಾ’ ತಂದೆ, ಮುಂದೆ ಹೋಗಲಿಲ್ಲ. ಯಾವುದರಿಂದ ಶುರು ಮಾಡಲಿ?
– ಓದುಗ, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಉತ್ತರ: ತಪ್ಪು ನಿಮ್ಮದಲ್ಲ. ನೊಜಿಕ್ ಅವರ 1974ರ ಆ ಪುಸ್ತಕ ಹೊಸಬರಿಗೆ ಬರೆದದ್ದೇ ಅಲ್ಲ. ಇನ್ನೊಬ್ಬ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆದ ದಪ್ಪ ಪುಸ್ತಕಕ್ಕೆ ಅದರಲ್ಲಿ ಜವಾಬು ಇದೆ. ಮುಂದೆ ಯಾವಾಗಲಾದರೂ ಆ ಜವಾಬು ಇರುವ ಏಳನೇ ಅಧ್ಯಾಯವನ್ನೇ ನೇರ ತೆರೆಯಿರಿ.

ಈಗ ಫ್ರಾನ್ಸಿನ ಫ್ರೆಡೆರಿಕ್ ಬಾಸ್ತಿಯಾ ಬರೆದ ‘ದ ಲಾ’ (1850) ಹಿಡಿಯಿರಿ. ತೆಳು ಪುಸ್ತಕ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅವರ ಪ್ರಶ್ನೆ ಒಂದೇ: ನಾನು ಮಾಡಿದರೆ ಕಳ್ಳತನ ಆಗುವ ಕೆಲಸವನ್ನು ಕಾನೂನು ಮಾಡಿದರೆ ಅದು ಸರಿ ಹೇಗಾಗುತ್ತದೆ?

ಜೊತೆಗೆ ಅವರದೇ ಮೇಣದಬತ್ತಿ ತಯಾರಕರ ಮನವಿಯನ್ನೂ ಓದಿ. ಸೂರ್ಯ ಪುಕ್ಕಟೆ ಬೆಳಕು ಕೊಟ್ಟು ನಮ್ಮ ವ್ಯಾಪಾರ ಕೆಡಿಸುತ್ತಿದ್ದಾನೆ, ಎಲ್ಲರೂ ಕಿಟಕಿ ಮುಚ್ಚಬೇಕೆಂದು ಕಾನೂನು ಮಾಡಿ ಎಂದು ತಯಾರಕರು ಸಂಸತ್ತನ್ನು ಕೇಳುವ ಅಣಕ ಅದು. ನಗು ಬರುತ್ತದೆ. ಆಮೇಲೆ ನಿಮ್ಮ ತೋಟ ನೆನಪಾಗುತ್ತದೆ! ಹೊರದೇಶದ ಅಡಿಕೆ ಅಗ್ಗಕ್ಕೆ ಬರಬಾರದೆಂದು ಕೇಂದ್ರ ಸರಕಾರ 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕೆ.ಜಿ.ಗೆ 351 ರೂಪಾಯಿಗೆ ಏರಿಸಿತು. ಬಾಸ್ತಿಯಾ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಹಾಗಂತ ಕ್ಯಾಂಪ್ಕೊದಂಥ ಸಹಕಾರಿ ಸಂಘಕ್ಕೆ ಈ ವಾದದಲ್ಲಿ ವಿರೋಧವಿಲ್ಲ. ಬೆಳೆಗಾರರು ತಾವಾಗಿ ಸೇರಿ ಮಾರಿದರೆ ಯಾರ ಮೇಲೂ ಬಲವಂತ ಇಲ್ಲ, ಅಲ್ವಾ? ಈ ವ್ಯತ್ಯಾಸ ಹಿಡಿದಿಟ್ಟುಕೊಂಡರೆ ಉಳಿದ ಪುಸ್ತಕಗಳು ಸಲೀಸು. ಮನೆಯಲ್ಲಿ ಊಟದ ಹೊತ್ತಿಗೆ ಮಾತ್ರ ಈ ಚರ್ಚೆ ಎತ್ತಬೇಡಿ.

ಹೆನ್ರಿ ಹ್ಯಾಜ್ಲಿಟ್ ಅವರ ‘ಇಕನಾಮಿಕ್ಸ್ ಇನ್ ಒನ್ ಲೆಸನ್’ (1946) ಸುಲಭ, ಆದರೆ ಎಲ್ಲದಕ್ಕೂ ಒಂದೇ ಮದ್ದು ಕೊಡುತ್ತದೆ. ಅರ್ಧ ಓದಿದರೂ ಸಾಕು. ಮಿಲ್ಟನ್ ಫ್ರೀಡ್‌ಮನ್ ಅವರ ‘ಕ್ಯಾಪಿಟಲಿಸಂ ಆ್ಯಂಡ್ ಫ್ರೀಡಂ’ (1962) ಅದಕ್ಕಿಂತ ಗಟ್ಟಿ.

ಜಾನ್ ಸ್ಟುವರ್ಟ್ ಮಿಲ್ ಅವರ ‘ಆನ್ ಲಿಬರ್ಟಿ’ (1859) ಹಳೆಯ ಇಂಗ್ಲಿಷ್, ವಾಕ್ಯಗಳು ಉದ್ದುದ್ದ. ಆದರೂ ಕೊನೆಯ ಅಧ್ಯಾಯ ಬಿಡಬೇಡಿ. ಮಕ್ಕಳು ಕಲಿಯಲೇಬೇಕೆಂದು ಸರಕಾರ ಹೇಳಬಹುದು, ಆದರೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯಬಾರದು ಎನ್ನುತ್ತಾರೆ ಮಿಲ್. 2017ರಲ್ಲಿ ಕೇರಳ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ನಿಮಗೆ ಗೊತ್ತಿರಬೇಕು. ಅವರ ವಾದಕ್ಕೆ ಮಿಲ್ ಅವರ ಈ ಮಾತಿನಲ್ಲಿ ಒಳ್ಳೆಯ ಆಧಾರವಿದೆ. ಕರ್ನಾಟಕದಲ್ಲಿ ಕನ್ನಡ ಕಡ್ಡಾಯ ಮಾಡಿದರೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ, ಅದು ಬೇರೆ ಮಾತು.

ಈ ಚಿಂತನೆಗೆ ನಿಮ್ಮ ಜಿಲ್ಲೆಯ ನಂಟೂ ಇದೆ. ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಅವರ ಹೆಸರಿನ ‘ಬಿ’ ಎಂದರೆ ಕಾಞಂಗಾಡಿನ ಹತ್ತಿರದ ಬೆಳ್ಳಿಕೋತ್. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಸಮಿತಿ ಒಪ್ಪಿಗೆ ಕೊಟ್ಟಾಗ ಭಿನ್ನಮತ ಬರೆದವರು ಅವರೊಬ್ಬರೇ. ಇಲ್ಲದ ದುಡ್ಡನ್ನು ಅಚ್ಚುಹಾಕಿ ಖರ್ಚು ಮಾಡಿದರೆ ಬೆಲೆ ಏರುತ್ತದೆ, ಅದನ್ನು ತಡೆಯಲು ನಿಯಂತ್ರಣಗಳು ಬೆಳೆಯುತ್ತವೆ ಎಂಬುದು ಅವರ ಆತಂಕ. ಆ ಟಿಪ್ಪಣಿ ಚಿಕ್ಕದು, ಹುಡುಕಿ ಓದಿ.

ಎದುರು ಪಕ್ಷಕ್ಕೆ ಅಮರ್ತ್ಯ ಸೇನ್ ಅವರ ‘ಡೆವಲಪ್‌ಮೆಂಟ್ ಆ್ಯಸ್ ಫ್ರೀಡಂ’ (1999) ಇಟ್ಟುಕೊಳ್ಳಿ. ಶಾಲೆ, ಆಸ್ಪತ್ರೆ ಇಲ್ಲದವನಿಗೆ ಸುಮ್ನೆ ತಡೆಯಿಲ್ಲ ಎಂದರೆ ಸ್ವಾತಂತ್ರ್ಯ ಸಿಕ್ಕಂತಾಯಿತೇ ಎಂದು ಕೇಳುವ ಪುಸ್ತಕ ಅದು. ಕೇರಳದ ಉದಾಹರಣೆಯೂ ಅದರಲ್ಲಿದೆ. ಬಾಸ್ತಿಯಾ ಮುಗಿದ ವಾರವೇ ಇದನ್ನು ತೆರೆಯಿರಿ, ತಡಮಾಡಬೇಡಿ.