ಬಡವರ ಆಸ್ಪತ್ರೆಗೆ ಬಣ್ಣದ ಹೆಂಚು ಯಾಕೆ?

ಪ್ರಶ್ನೆ: ಸಿಸ್ಟರ್, ಫ್ರಾನ್ಸ್‌ನಲ್ಲಿರುವ ಮಗಳು ಬೋನ್ ಎಂಬ ಊರಿನ ಫೋಟೊ ಕಳಿಸಿದ್ದಾಳೆ. ಸೀರೆ ಅಂಚಿನ ಹಾಗೆ ಬಣ್ಣಬಣ್ಣದ ಹೆಂಚು. ಅದು ಹಳೇ ಕಾಲದ ಬಡವರ ಆಸ್ಪತ್ರೆಯಂತೆ. ಬಡವರಿಗೆ ಇಷ್ಟು ಚೆಂದ ಯಾರು ಕಟ್ಟಿಸಿದರು? ನಮ್ಮ ಕಡೆ ಇಂಥದ್ದು ಇತ್ತೇ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಮಗಳು ಹೇಳಿದ್ದು ನಿಜ ಅಮ್ಮ. ನಾನೂ ನನ್ನ ಮಗನ ಜೊತೆ ಹೋಗಿ ಆ ವಾರ್ಡಿನಲ್ಲಿ ನಿಂತು ಬಂದಿದ್ದೇನೆ.

ಕಟ್ಟಿಸಿದವರು ಗಂಡ ಹೆಂಡತಿ. ನಿಕೊಲಾ ರೋಲಾಂ ಬರ್ಗಂಡಿಯ ಡ್ಯೂಕ್‌ನ ಚಾನ್ಸೆಲರ್, ಅಂದರೆ ಬೋನ್ ಇರುವ ಸೀಮೆಯ ದೊರೆಗೆ ಮಂತ್ರಿ. ಹೆಂಡತಿ ಗಿಗೋನ್ ದ ಸಾಲಾಂ. 1443ರಲ್ಲಿ ಶುರು ಮಾಡಿದರು. ಯುದ್ಧ, ಬರ, ಕೊಳ್ಳೆಗಾರರ ಕಾಟದಿಂದ ಜನ ಸೋತುಹೋಗಿದ್ದ ಕಾಲ ಅದು. ಸಾಲಾಂ ಊರಿನ ಉಪ್ಪಿನ ಆದಾಯದಿಂದ ವರ್ಷಕ್ಕೆ 1,000 ಲೀವ್ರ್ (ಆಗಿನ ಫ್ರೆಂಚ್ ಹಣ) ದತ್ತಿ ಬಿಟ್ಟರು. 1452ರ ಜನವರಿ 1ರಂದು ಮೊದಲ ರೋಗಿ ಒಳಗೆ ಬಂದರು. ಆಮೇಲೆ ಯಾರ್‍ಯಾರೋ ದ್ರಾಕ್ಷಿ ತೋಟಗಳನ್ನು ದಾನ ಕೊಟ್ಟರು. ಅಲ್ಲಿನ ವೈನನ್ನು 1859ರಿಂದ ಹರಾಜು ಹಾಕುತ್ತಾರೆ, ಈಗಲೂ ಪ್ರತಿ ನವೆಂಬರ್‌ನಲ್ಲಿ.

ಹೆಂಚಿನ ವಿಷಯಕ್ಕೆ ಬರೋಣ. ಬೀದಿ ಕಡೆ ನೋಡಿದರೆ ಬರೀ ಬೂದು ಬಣ್ಣದ ಕಲ್ಲುಹಲಗೆಯ ಮಾಡು. ಕೆಂಪು, ಹಳದಿ, ಹಸಿರು, ಕಂದು ಎಲ್ಲ ಒಳಗಿನ ಅಂಗಳಕ್ಕೆ. ಈಗ ಕಾಣುವ ಹೆಂಚುಗಳು 1902ರಿಂದ 1907ರ ನಡುವೆ ಹೊಸದಾಗಿ ಹಾಕಿದವು. ಆದರೂ ಬಣ್ಣ ಒಳಗಿನವರ ಕಣ್ಣಿಗೇ ಸಿಗಲಿ ಅಂತಲೇ ಹೀಗೆ ಮಾಡಿದ್ದಾರೆ ಅಂತ ನನಗೆ ಅನ್ನಿಸಿತು.

ದೊಡ್ಡ ವಾರ್ಡು ಸುಮಾರು 50 ಮೀಟರ್ ಉದ್ದ, 14 ಮೀಟರ್ ಅಗಲ, 16 ಮೀಟರ್ ಎತ್ತರ. ಸೂರು ದೋಣಿಯನ್ನು ಬೋರಲು ಹಾಕಿದಂತಿದೆ. ತೊಲೆಗಳ ತುದಿಯಲ್ಲಿ ಬಾಯಿ ತೆರೆದ ಬಣ್ಣದ ಮೃಗಗಳು. ಎರಡೂ ಗೋಡೆಗೆ ಸಾಲಾಗಿ ಮಂಚ, ಕೆಂಪು ಪರದೆ. ಆಗ ಒಂದೊಂದು ಮಂಚದಲ್ಲಿ ಇಬ್ಬರು ಮಲಗುತ್ತಿದ್ದರು. ಅದು ನನಗೆ ಸಂಕಟವಾಯಿತು, ಸೋಂಕು ಹರಡದೆ ಇರುತ್ತದೆಯೇ? ಆದರೆ ವಾರ್ಡಿನ ಕೊನೆಯಲ್ಲೇ ಪ್ರಾರ್ಥನಾ ಮಂದಿರ. ಎದ್ದು ಕೂರಲಾಗದವರೂ ಮಲಗಿದಲ್ಲಿಂದಲೇ ಪೂಜೆ ನೋಡಬಹುದಿತ್ತು. ಅಲ್ಲಿ ಚಿತ್ರಕಾರ ರೋಜಿಯರ್ ವಾನ್ ದರ್ ವೈಡನ್ ಬಾಗಿಲಿನಂತೆ ಮುಚ್ಚಿ ತೆರೆಯುವ ಹಲಗೆಗಳ ಮೇಲೆ ಬರೆದ ದೊಡ್ಡ ಚಿತ್ರವಿತ್ತು. ಅದರ ಬಾಗಿಲುಗಳನ್ನು ಭಾನುವಾರ, ಹಬ್ಬಗಳಂದು ತೆರೆಯುತ್ತಿದ್ದರು. ಮುಚ್ಚಿದ ದಿನ ಹೊರಬಾಗಿಲಲ್ಲಿ ಪ್ಲೇಗಿನಿಂದ ಕಾಯುವ ಸಂತ ಸೆಬಾಸ್ಟಿಯನ್ ಕಾಣುತ್ತಿದ್ದ. ಈಗ ಚಿತ್ರ ಅಲ್ಲೇ ಬೇರೊಂದು ಕೋಣೆಯಲ್ಲಿದೆ. ಗಿಗೋನ್ ಸಮಾಧಿ ಆ ಮಂದಿರದಲ್ಲೇ ಇದೆ.

ಅಲ್ಲಿ ನಿಂತಾಗ ನನಗೆ ಒಬ್ಬ ಅಜ್ಜ ನೆನಪಾದರು. ನಾನು ಕೆಲಸಕ್ಕೆ ಸೇರಿದ ಹೊಸದು, ಬೆಂಗಳೂರಿನದೇ ಒಂದು ಆಸ್ಪತ್ರೆ. ‘ಮಂಚ ಸ್ವಲ್ಪ ತಿರುಗಿಸಮ್ಮ, ಹೊರಗಿನ ಮರ ಕಾಣಲಿ’ ಅಂತ ದಿನಾ ಕೇಳುತ್ತಿದ್ದರು. ಮಂಚ ತಿರುಗಿಸಲು ಜಾಗವೇ ಇರಲಿಲ್ಲ. ಮೂರನೇ ವಾರ ಅವರು ಹೋಗಿಬಿಟ್ಟರು. ಮಲಗಿದವರಿಗೆ ಏನು ಕಾಣುತ್ತದೆ ಅಂತ ಆ ವಾರ್ಡು ಕಟ್ಟಿದವರು ಯಾರೂ ಯೋಚಿಸಿರಲಿಲ್ಲ. ಬೋನ್‌ನಲ್ಲಿ ಯೋಚಿಸಿದ್ದರು.

1971ರವರೆಗೂ ಅಲ್ಲಿ ರೋಗಿಗಳಿದ್ದರು. ಈಗ ಅದು ಮ್ಯೂಸಿಯಂ.

ನಮ್ಮ ಕಡೆ ಇತ್ತೇ ಅಂತ ಕೇಳಿದ್ದೀರಿ. ಇತ್ತು, ಅದೂ ಬೋನ್‌ಗಿಂತ ಮುಂಚೆ! ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಪಾಠ ಕಲಿಸುವ, ಹಸಿದವರಿಗೆ ಅನ್ನ ಹಾಕುವ, ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಕೊಡುವ ಜಾಗ ಎಂದು ವರ್ಣಿಸುತ್ತದೆ. ಶಿರಾಳಕೊಪ್ಪದ ಪಕ್ಕದಲ್ಲೇ ಇದೆ ಬಳ್ಳಿಗಾವಿ. ಮಗಳು ರಜೆಗೆ ಬಂದಾಗ ಕೇದಾರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಮಠ ಇದ್ದದ್ದು ಅಲ್ಲೇ.