ಹುಡುಗ ಒಳಗೆ, ಅಣ್ಣ ಹೊರಗೆ ಯಾಕೆ?

ಮಂಗಳೂರಿನ ಕಾವೂರಿನಿಂದ ಅಕ್ಕ ಒಬ್ಬರು ಪತ್ರ ಬರೆದಿದ್ದಾರೆ. ಅವರ ತಮ್ಮನ ಮಗನಿಗೆ 20 ವರ್ಷ. ಹಫ್ತಾ ಕೊಡದ ಅಂಗಡಿಯವರ ಮೇಲೆ ತಲವಾರು ಬೀಸಿದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ ಅಂತ ಕೇಸು. ಹುಡುಗ ಈಗ ಜೈಲಿನಲ್ಲಿದ್ದಾನೆ. ಕಳಿಸಿದ ‘ಅಣ್ಣ’ ಮಾತ್ರ ಜಾತ್ರೆಯ ಬ್ಯಾನರಿನಲ್ಲಿ ಕೈ ಮುಗಿದು ನಿಂತಿದ್ದಾನಂತೆ. ‘ಹೆಸರು ಬಾಯಿ ಬಿಟ್ಟರೆ ಜಾಗ್ರತೆ’ ಅಂತ ಮನೆಗೆ ಎರಡು ಸಲ ಫೋನೂ ಬಂದಿದೆ. “ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಗ್ಯಾಂಗ್ ಲೀಡರುಗಳನ್ನೇ ಹಿಡಿಯುವ ಕಾನೂನು ಇದೆಯಂತೆ. ನಮ್ಮಲ್ಲಿ ಯಾಕಿಲ್ಲ?” ಎಂದು ಕೇಳಿದ್ದಾರೆ. ಕಾನೂನು ಇನ್ನೂ ಬಿಗಿ ಆಗಲಿ ಅಂತಲೂ ಬರೆದಿದ್ದಾರೆ.

ಸಂಪಾದಕರ ಉತ್ತರ:

ಅಕ್ಕ, ಇಲಿನಾಯ್ ಅಂಥ ಕಾನೂನು ತಂದದ್ದು ನಿಜ. ಮಾಫಿಯಾ ಹಿಡಿಯಲು ಅಮೆರಿಕದ ಕೇಂದ್ರ ಸರ್ಕಾರ 1970ರಲ್ಲಿ ‘ರಿಕೋ’ ಎಂಬ ಕಾಯ್ದೆ ಮಾಡಿತು. 2012ರಲ್ಲಿ ಇಲಿನಾಯ್ ಅದನ್ನು ಬೀದಿ ಗ್ಯಾಂಗುಗಳಿಗೆ ಹೊಂದಿಸಿ ತನ್ನದೇ ಕಾಯ್ದೆ ತಂದಿತು. ಇಂಥ ಕಾನೂನಿನಲ್ಲಿ ಗುಂಡು ಹಾರಿಸಿದವನ ಮೇಲೆ ಒಂದು ಕೇಸು, ಬೈಕ್ ಓಡಿಸಿದವನ ಮೇಲೆ ಇನ್ನೊಂದು ಅಂತ ಬಿಡಿಬಿಡಿಯಾಗಿ ಹಾಕಬೇಕಾಗಿಲ್ಲ. ಇಡೀ ಗ್ಯಾಂಗನ್ನು ಒಂದು ದಂಧೆ ಅಂತ ಲೆಕ್ಕ ಹಿಡಿದು, ಅದನ್ನು ನಡೆಸುವವನನ್ನೂ ಸೇರಿಸಬಹುದು.

ಆದರೆ ನಮ್ಮಲ್ಲಿ ಇಲ್ಲ ಅಂದುಕೊಳ್ಳಬೇಡಿ. ಇಲಿನಾಯ್‌ಗಿಂತ ಮೊದಲೇ ಬಂದಿದೆ. ‘ಕೋಕಾ’ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, 2000. ಮಹಾರಾಷ್ಟ್ರದ 1999ರ ಅಂಥದೇ ಕಾಯ್ದೆ ‘ಮೋಕಾ’ ನೋಡಿ ಮಾಡಿದ್ದು. ಶಿಕ್ಷೆ ಕನಿಷ್ಠ 5 ವರ್ಷ. ಜೀವ ಹೋಗಿದ್ದರೆ ಜೀವಾವಧಿ ಅಥವಾ ಮರಣದಂಡನೆ. ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮಿನಲ್ಲೂ ಸಂಘಟಿತ ಅಪರಾಧ ಸೇರಿದೆ.

ಗಡಿಪಾರು, ಗೂಂಡಾ ಕಾಯ್ದೆ, ಕೋಕಾ ಮೂರೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಗಡಿಪಾರು ಅಂದರೆ ಊರಿನಿಂದ ಆಚೆ ಕಳಿಸುವುದಷ್ಟೇ. ಫೋನ್ ಇದ್ದರೆ ಅಣ್ಣನಿಗೆ ಊರು ಯಾವುದಾದರೇನು? 1985ರ ಗೂಂಡಾ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ ಜಾಸ್ತಿ ಅಂದರೆ ಒಂದು ವರ್ಷ ಒಳಗಿಡಬಹುದು. ತಪ್ಪು ಸಾಬೀತು ಮಾಡಿ, ದಂಧೆಯ ಬುಡಕ್ಕೇ ಕೈ ಹಾಕುವ ದಾರಿ ಕೋಕಾದಲ್ಲಿದೆ.

ಹಾಗೆ ಆಗಿದ್ದೂ ಉಂಟು. ಅಂಕೋಲಾದ ಉದ್ಯಮಿ ಆರ್.ಎನ್. ನಾಯಕ್ ಅವರ ಕೊಲೆ ನಡೆದದ್ದು 2013ರಲ್ಲಿ. ಗುಂಡು ಹಾರಿಸಿದವರು ಬೇರೆಯವರು. ಸುಪಾರಿ ಕೊಟ್ಟ ಆರೋಪ ವಿದೇಶದಲ್ಲಿದ್ದ ಬನ್ನಂಜೆ ರಾಜನ ಮೇಲೆ ಬಂತು. 2015ರಲ್ಲಿ ಅವನನ್ನು ಮೊರಾಕ್ಕೋದಿಂದ ಕರೆತಂದರು. 2022ರಲ್ಲಿ ಬೆಳಗಾವಿಯ ಕೋಕಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಬನ್ನಂಜೆ ಅಂದರೆ ನಮ್ಮ ಉಡುಪಿಯದೇ ಹೆಸರು. ವಿದೇಶದಿಂದ ಬರುತ್ತಿದ್ದ ಹಫ್ತಾ ಫೋನುಗಳ ಹೆದರಿಕೆ ಈ ಕರಾವಳಿಯ ಬಿಲ್ಡರುಗಳಿಗೆ, ಹೋಟೆಲಿನವರಿಗೆ ಚೆನ್ನಾಗಿ ನೆನಪಿದೆ.

ಹಾಗಾದರೆ ನಿಮ್ಮೂರಿನ ಅಣ್ಣ ಯಾಕೆ ಹೊರಗಿದ್ದಾನೆ? ಕೋಕಾ ಹಾಕಬೇಕಾದರೆ ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಚಾರ್ಜ್‌ಶೀಟ್ ಆಗಿರಬೇಕು. ಅಣ್ಣ ಕೈಯಲ್ಲಿ ತಲವಾರು ಹಿಡಿಯುವುದೇ ಇಲ್ಲ, ಅವನ ಹೆಸರಿನಲ್ಲಿ ಚಾರ್ಜ್‌ಶೀಟ್ ಎಲ್ಲಿಂದ ಬರಬೇಕು? ಈ ತೊಡಕನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಬಿಡಿಸಿತು. ಗೌರಿ ಲಂಕೇಶ್ ಕೊಲೆ ಪ್ರಕರಣದಲ್ಲಿ ಒಬ್ಬ ಆರೋಪಿಯ ಮೇಲಿನ ಕೋಕಾವನ್ನು ಹೈಕೋರ್ಟ್ ತೆಗೆದುಹಾಕಿತ್ತು. ಪ್ರತಿಯೊಬ್ಬನ ಹೆಸರಲ್ಲೂ ಹಳೆಯ ಚಾರ್ಜ್‌ಶೀಟ್ ಇರಬೇಕಾಗಿಲ್ಲ, ಗುಂಪಿನ ಮೇಲಿದ್ದರೆ ಸಾಕು ಅಂತ ಹೇಳಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಸೇರಿಸಿತು.

ಇನ್ನು ಉಳಿದದ್ದು ಸಾಕ್ಷಿ. ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಇಲ್ಲೇ. ವರದಿಗಾರನಾಗಿದ್ದಾಗ ಒಂದು ಹಫ್ತಾ ಕೇಸಿಗೆ ಕೋರ್ಟಿಗೆ ಹೋಗಿದ್ದೆ. ಅಂಗಡಿಯವರೊಬ್ಬರು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಸಮನ್ಸ್ ಕಾಗದವನ್ನು ಮಡಚಿ ಮಡಚಿ ಬೀಡಿಕಟ್ಟಿನಷ್ಟು ಸಣ್ಣ ಮಾಡಿದ್ದರು. ಎದುರಿನ ಗೋಡೆಗೆ ಒರಗಿ ಇಬ್ಬರು ಹುಡುಗರು ನಿಂತಿದ್ದರು. ಮಾತಿಲ್ಲ, ಸುಮ್ನೆ ಅವರನ್ನೇ ನೋಡುತ್ತಿದ್ದರು. ಒಳಗೆ ಹೋದ ಮೇಲೆ ಆ ಮನುಷ್ಯ ಹೇಳಿದ್ದು ಒಂದೇ ಮಾತು: “ಗುರುತು ಸಿಗುವುದಿಲ್ಲ ಸ್ವಾಮಿ.” ಹಣೆಯಲ್ಲಿ ಹೊಲಿಗೆಯ ಕಲೆ ಇನ್ನೂ ಕೆಂಪಗಿತ್ತು. ಅವರನ್ನು ಹೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸಂಜೆ ಅದೇ ಅಂಗಡಿಯ ಬಾಗಿಲು ತೆಗೆಯಬೇಕಾದವರು ಅವರು.

ಇದಕ್ಕೂ ವ್ಯವಸ್ಥೆ ಇದೆ. ಸಾಕ್ಷಿಗಳ ರಕ್ಷಣೆಯ ಯೋಜನೆಗೆ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಹಾಕಬೇಕು. ಮನೆಗೆ ಕಾವಲು, ಫೋನ್ ಬದಲಾವಣೆ, ಕೋರ್ಟಿನಲ್ಲಿ ಆರೋಪಿಯ ಮುಖ ನೋಡದೆ ಹೇಳಿಕೆ, ಇದೆಲ್ಲ ಅದರಲ್ಲಿದೆ. ಮನೆಯವರಿಗೂ ರಕ್ಷಣೆ ಸಿಗುತ್ತದೆ. ಕೋಕಾ ಹಾಕಿದ ದಿನ ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ, ನಾವೂ ಬರೆದಿದ್ದೇವೆ. ಈ ಅರ್ಜಿ ಹೇಗೆ ಹಾಕುವುದು ಅಂತ ನಾವು ಒಂದು ಸಲವೂ ಬರೆದಿಲ್ಲ. ಅದು ನಮ್ಮ ತಪ್ಪು.

ಕಾನೂನು ಇನ್ನೂ ಬಿಗಿ ಆಗಲಿ ಅಂತ ನೀವು ಬರೆದದ್ದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಗ್ಯಾಂಗ್ ಕಾನೂನು 1988ರದ್ದು. ಬಲೆ ತುಂಬಾ ಅಗಲ ಆಯಿತು ಅಂತ 2021ರಲ್ಲಿ ಅವರೇ ತಿದ್ದಿದರು. ಅಪರಾಧದಿಂದ ಗ್ಯಾಂಗಿಗೆ ಹೆಸರು ಬಂತು ಅಂದರೆ ಸಾಲದು, ಅದಕ್ಕಿಂತ ಹೆಚ್ಚಿನ ಲಾಭ ಆಗಿದ್ದನ್ನು ತೋರಿಸಬೇಕು ಅಂದರು. ಅಗಲವಾದ ಬಲೆಗೆ ಮೊದಲು ಬೀಳುವುದು ನಿಮ್ಮ ಹುಡುಗನಂಥವರೇ ಅಲ್ವಾ ಅಕ್ಕ? ಕೋಕಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷಿಯಾಗುತ್ತದೆ. ಇಷ್ಟು ಹರಿತವಾದದ್ದನ್ನು ಇನ್ನೂ ಮಸೆಯುವುದು ಬೇಡ.

ಈಗ ನಿಮ್ಮ ಮನೆಯ ವಿಷಯ. ಹುಡುಗ ಜೈಲಿನಲ್ಲಿರುವುದರಿಂದ ಅವನಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಕೇಳುವುದಿಲ್ಲ. ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಅಂತ ಕೇಳಿ. ಕಳಿಸಿದವರ ಹೆಸರು ಹೇಳಲು ಹುಡುಗ ತಯಾರಿದ್ದರೆ ಮೊದಲು ವಕೀಲರ ಹತ್ತಿರ ಹೇಳಲಿ. ಮಾಫಿ ಸಾಕ್ಷಿ ಆಗುವ, ಅಂದರೆ ನಡೆದದ್ದನ್ನೆಲ್ಲ ಹೇಳಿ ಕೋರ್ಟಿನಿಂದ ಕ್ಷಮೆ ಪಡೆಯುವ ದಾರಿ ಇದೆಯಾ ಅಂತ ಅವರೇ ನೋಡುತ್ತಾರೆ. ರಕ್ಷಣೆಯ ಅರ್ಜಿಯನ್ನೂ ಅವರ ಕೈಯಲ್ಲೇ ಬರೆಸಿ. ಆ ಎರಡು ಫೋನ್ ಬಂದ ದಿನ, ಹೊತ್ತು, ನಂಬರು ಮೂರನ್ನೂ ಇವತ್ತೇ ಒಂದು ಕಾಗದದಲ್ಲಿ ಬರೆದಿಡಿ. ಮೊಬೈಲಿನಿಂದ ಅಳಿಸಬೇಡಿ.